ವಂಗ ಕರಾವಳಿಯ ಸ್ವಯಂಸೇವಕ ಪಡೆ: ಒಂದು ಚಾರಿತ್ರಿಕ ಅವಲೋಕನ

ಗಂಗೆ, ಬ್ರಹ್ಮಪುತ್ರ, ಮೇಘನಾ ಎಂಬ ಮೂರು ಮಹಾನದಿಗಳು ಒಂದುಗೂಡಿ ಬಂಗಾಳ ಕೊಲ್ಲಿಯನ್ನು ಸೇರುವೆಡೆಯಲ್ಲಿ ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ಮೊದಲಾಯಿತು ಎಂದು ಗೆರೆಯೆಳೆದು ತೋರಿಸುವುದು ಕಷ್ಟ. ಹಿಮಾಲಯದಿಂದ ಹೊತ್ತು ತಂದ ಮೆಕ್ಕಲು ಮಣ್ಣನ್ನು ನದಿಗಳು ಇಲ್ಲಿ ಇಳಿಸುತ್ತವೆ. ಕೆಲವು ವರ್ಷಗಳಲ್ಲಿ ಅದು ನೀರಿನಿಂದ ತಲೆಯೆತ್ತಿ ದ್ವೀಪವಾಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಅದೇ ನದಿ ಹಳೆಯ ದ್ವೀಪವನ್ನು ಕೊರೆಕೊರೆದು ನುಂಗುತ್ತದೆ. ಹೀಗೆ ಹುಟ್ಟಿದ ಹೊಸ ನೆಲಕ್ಕೆ ಬಂಗಾಳಿಗಳು 'ಚರ್' ಎನ್ನುತ್ತಾರೆ. ಚರ್ ಭೂಮಿ ಬಹಳ ಫಲವತ್ತಾದುದು. ಅದರ ಮೇಲಿನ ಹಕ್ಕು ಇನ್ನೂ ಇತ್ಯರ್ಥವಾಗುವ ಮೊದಲೇ, ಹುಲ್ಲು ಚಿಗುರಿತೋ ಇಲ್ಲವೋ ಎನ್ನುವಾಗಲೇ, ಒಳನಾಡಿನಲ್ಲಿ ಗೇಣು ನೆಲವೂ ಇಲ್ಲದ ಬಡವರು ಅಲ್ಲಿಗೆ ಬಂದು ಗುಡಿಸಲು ಹೂಡುತ್ತಾರೆ. ಸಮುದ್ರಮಟ್ಟದಿಂದ ಒಂದೆರಡು ಆಳೆತ್ತರವೂ ಇಲ್ಲದ ಆ ನೆಲದಲ್ಲಿ ಬಾಳುವುದು ಅಪಾಯವೆಂಬುದು ಅವರಿಗೆ ತಿಳಿಯದುದಲ್ಲ. ಬೇರೆ ನೆಲವಿಲ್ಲದುದೇ ಅದಕ್ಕೆ ಕಾರಣ.

ಆ ಅಪಾಯದ ಸ್ವರೂಪವನ್ನು ಮೊದಲು ಅರಿಯಬೇಕು. ಚಂಡಮಾರುತವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಗಾಳಿ. ಆದರೆ ವಂಗ ಕರಾವಳಿಯಲ್ಲಿ ಜನರನ್ನು ಕೊಲ್ಲುವುದು ಗಾಳಿಗಿಂತ ಹೆಚ್ಚಾಗಿ ನೀರು. ಬಂಗಾಳ ಕೊಲ್ಲಿಯ ಉತ್ತರದ ತುದಿ ಆಲಿಕೆಯಂತೆ ಕಿರಿದಾಗುತ್ತ ಹೋಗುತ್ತದೆ; ಅಲ್ಲಿ ಕಡಲಿನ ಆಳವೂ ಬಹುದೂರದವರೆಗೆ ಅತ್ಯಲ್ಪ. ಬಿರುಗಾಳಿ ನೂರಾರು ಮೈಲಿಗಳ ನೀರನ್ನು ತನ್ನ ಮುಂದೆ ತಳ್ಳಿಕೊಂಡು ಬಂದಾಗ ಆ ನೀರಿಗೆ ಕೆಳಗಿಳಿಯಲು ಆಳವಿಲ್ಲ, ಬದಿಗೆ ಸರಿಯಲು ಅಗಲವಿಲ್ಲ, ಮೇಲಕ್ಕೇರುವುದೊಂದೇ ದಾರಿ. ಅದೇ ಹೊತ್ತಿಗೆ ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಉಬ್ಬರವೂ ಕೂಡಿಬಂದರೆ ಇಪ್ಪತ್ತು ಅಡಿ, ಕೆಲವೆಡೆ ಅದಕ್ಕೂ ಹೆಚ್ಚಿನ ನೀರಿನ ಗೋಡೆ ದ್ವೀಪಗಳ ಮೇಲೆ ಹಾದುಹೋಗುತ್ತದೆ.

ಇದು ಹೊಸ ಸಂಗತಿಯಲ್ಲ. ೧೮೭೬ನೆಯ ಇಸವಿಯ ಅಕ್ಟೋಬರ್ ಕೊನೆಯ ರಾತ್ರಿ ಬಾಕರ್‌ಗಂಜ್ ಪ್ರಾಂತದ ಮೇಲೆ ಎರಗಿದ ಚಂಡಮಾರುತದಲ್ಲಿಯೂ ಅದರ ಬೆನ್ನಿಗೆ ಬಂದ ಕಾಲರಾ ಮತ್ತು ಹಸಿವಿನಲ್ಲಿಯೂ ಸುಮಾರು ಎರಡು ಲಕ್ಷ ಜನ ಮಡಿದರು. ಬ್ರಿಟಿಷ್ ಸರಕಾರ ಆ ಘಟನೆಯ ಬಗ್ಗೆ ವಿಸ್ತಾರವಾದ ವರದಿಯನ್ನು ಬರೆಯಿಸಿತು. ಗಾಳಿಯ ದಿಕ್ಕು, ವಾಯುಭಾರದ ಏರಿಳಿತ, ಅಲೆಯ ಎತ್ತರ ಎಲ್ಲವೂ ಲೆಕ್ಕಕ್ಕೆ ಬಂದವು. ಮುಂದಿನ ಸಲ ಚರ್ ಭೂಮಿಯ ರೈತನಿಗೆ ಸುದ್ದಿಯನ್ನು ಯಾರು ಮುಟ್ಟಿಸಬೇಕು ಎಂಬ ಪ್ರಶ್ನೆ ಮಾತ್ರ ಆ ಕಾಲದ ಆಡಳಿತಕ್ಕೆ ತನ್ನದೆನಿಸಲಿಲ್ಲ. ಆ ಪ್ರಶ್ನೆಗೆ ಉತ್ತರ ದೊರೆಯಲು ಹೆಚ್ಚುಕಡಿಮೆ ಒಂದು ಶತಮಾನವೇ ಕಳೆಯಬೇಕಾಯಿತು. ಅದಕ್ಕೆ ತೆತ್ತ ಬೆಲೆ ಊಹೆಗೆ ಮೀರಿದ್ದು.

೧೯೭೦ನೆಯ ನವೆಂಬರ್ ೧೨ರ ರಾತ್ರಿ. ರಂಜಾನ್ ಮಾಸ, ಹುಣ್ಣಿಮೆ ಸಮೀಪಿಸಿತ್ತು. ಅಂದಿನ ಪೂರ್ವ ಪಾಕಿಸ್ತಾನದ ಭೋಲಾ, ಮನಪುರಾ, ಹಾತಿಯಾ ದ್ವೀಪಗಳಲ್ಲಿಯೂ ಪಟುವಾಖಾಲಿ, ನೋವಾಖಾಲಿ ಜಿಲ್ಲೆಗಳ ಅಂಚಿನಲ್ಲಿಯೂ ಭತ್ತದ ಕೊಯ್ಲಿನ ಕಾಲ. ಮಹಾತ್ಮ ಗಾಂಧಿಯವರು ೧೯೪೭ರಲ್ಲಿ ಬರಿಗಾಲಿನಲ್ಲಿ ನಡೆದ ನಾಡೆಂದು ನೋವಾಖಾಲಿಯ ಹೆಸರು ಕನ್ನಡ ವಾಚಕರಿಗೆ ಪರಿಚಿತವಾದುದೇ. ನಡುರಾತ್ರಿಯ ಹೊತ್ತಿಗೆ ಉಬ್ಬರದೊಡನೆ ಬೆರೆತು ಬಂದ ಕಡಲು ಆ ಪ್ರದೇಶವನ್ನು ಮುಳುಗಿಸಿತು. ಮಡಿದವರ ಸಂಖ್ಯೆ ಇಂದಿಗೂ ನಿಷ್ಕರ್ಷೆಯಾಗಿಲ್ಲ. ಸಾಮಾನ್ಯವಾಗಿ ಮೂರು ಲಕ್ಷದಿಂದ ಐದು ಲಕ್ಷವೆಂದು ಹೇಳುವುದುಂಟು. ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ಹಳ್ಳಿಹಳ್ಳಿ ತಿರುಗಿ ಮಾಡಿದ ಸಮೀಕ್ಷೆ ಕನಿಷ್ಠ ಪಕ್ಷ ೨,೨೪,೦೦೦ ಎಂದು ಅಂದಾಜು ಮಾಡಿತು. ಭೋಲಾ ದ್ವೀಪದ ತಜುಮುದ್ದೀನ್ ಠಾಣೆಯೊಂದರಲ್ಲಿಯೇ ಇದ್ದ ೧,೬೭,೦೦೦ ಜನರಲ್ಲಿ ನೂರಕ್ಕೆ ೪೫ಕ್ಕೂ ಹೆಚ್ಚು ಮಂದಿ ಒಂದೇ ರಾತ್ರಿಯಲ್ಲಿ ಇಲ್ಲವಾದರು.

ಮೇಲೆ ಹೇಳಿದ ವೈದ್ಯರ ಸಮೀಕ್ಷೆಯಲ್ಲಿ ಒಂದು ವಿವರವುಂಟು. ಬದುಕುಳಿದವರಲ್ಲಿ ಬಹುಮಂದಿಯ ಎದೆ, ತೋಳು ಮತ್ತು ತೊಡೆಗಳ ಒಳಭಾಗದ ಚರ್ಮ ಕಿತ್ತುಹೋಗಿತ್ತು. ಅವರು ರಾತ್ರಿಯೆಲ್ಲ ಮರಗಳನ್ನು ತಬ್ಬಿಕೊಂಡಿದ್ದರು. ಅಲೆಗಳು ಬಿಡದೆ ಎಳೆದಾಡಿದುದರಿಂದ ಆದ ಗಾಯಗಳು ಅವು. ಉಳಿದವರಲ್ಲಿ ಹೆಚ್ಚಿನವರು ಪ್ರಾಯದ ಗಂಡಸರಾಗಿದ್ದುದಕ್ಕೆ ಕಾರಣವೂ ಇದೇ. ಅಷ್ಟು ಹೊತ್ತು ಮರವನ್ನು ಅಪ್ಪಿ ಹಿಡಿಯುವ ಬಲ ಮಕ್ಕಳಿಗೂ ಮುದುಕರಿಗೂ ಇರಲಿಲ್ಲ. ಕೈಯಲ್ಲಿ ಕೂಸನ್ನು ಹಿಡಿದ ತಾಯಿಗೆ ಎರಡು ಕೈಯೂ ಬಿಡುವಿರಲಿಲ್ಲ. ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹತ್ತು ವರ್ಷದೊಳಗಿನ ಮಕ್ಕಳು.

ಇತಿಹಾಸದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಮುಂದಿನದು. ಚಂಡಮಾರುತ ಬರುತ್ತಿದೆ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಉಪಗ್ರಹದ ಚಿತ್ರಗಳಿದ್ದವು, ರೇಡಿಯೋ ಎಚ್ಚರಿಕೆ ನೀಡಿತ್ತು. ಅನಂತರದ ವಿಚಾರಣೆಯಿಂದ ತಿಳಿದುಬಂದಂತೆ ಆ ಪ್ರದೇಶದ ನೂರಕ್ಕೆ ತೊಂಬತ್ತು ಮಂದಿಗೆ ಬಿರುಗಾಳಿಯ ಸುದ್ದಿ ಮುಟ್ಟಿತ್ತು. ಭದ್ರವಾದ ಕಟ್ಟಡಗಳಿಗೆ ಹೋಗಿ ಸೇರಿಕೊಂಡವರು ನೂರಕ್ಕೆ ಒಬ್ಬರು. ಈ ತೊಂಬತ್ತು ಮತ್ತು ಒಂದರ ನಡುವಣ ಅಂತರದಲ್ಲಿಯೇ ಮುಂದಿನ ಸ್ವಯಂಸೇವಕ ಪಡೆಯ ಹುಟ್ಟು ಅಡಗಿದೆ.

ಅಂತರಕ್ಕೆ ಕಾರಣಗಳು ಹಲವು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಚಂಡಮಾರುತದ ಎಚ್ಚರಿಕೆ ಬಂದಿತ್ತು. ಹೆದರಿಸಿದಷ್ಟು ಅನಾಹುತ ಆಗಲಿಲ್ಲ. ಒಂದು ಸಲ ಸುಳ್ಳಾದ ಮಾತನ್ನು ಎರಡನೆಯ ಸಲ ನಂಬುವುದು ಮನುಷ್ಯ ಸ್ವಭಾವವಲ್ಲ. ಹೋಗೋಣವೆಂದರೂ ಹೋಗುವುದೆಲ್ಲಿಗೆ? ಬಹುಪಾಲು ದ್ವೀಪಗಳಲ್ಲಿ ಒಂದೇ ಒಂದು ಪಕ್ಕಾ ಕಟ್ಟಡವೂ ಇರಲಿಲ್ಲ. ದನಕರುಗಳನ್ನೂ ಕಣದಲ್ಲಿ ಬಿದ್ದ ಭತ್ತವನ್ನೂ ಬಿಟ್ಟು ಹೋದರೆ ಮರಳಿ ಬಂದಾಗ ಅವು ಉಳಿದಿರುತ್ತವೆಯೇ ಎಂಬ ಅಂಜಿಕೆ ಬೇರೆ.

ಇವೆಲ್ಲಕ್ಕೂ ಮಿಗಿಲಾಗಿ ಎಚ್ಚರಿಕೆಯ ಭಾಷೆಯೇ ಜನರದಾಗಿರಲಿಲ್ಲ. ಈ ಮಾತನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ವಂಗ ಕರಾವಳಿಯ ಬಂದರುಗಳಲ್ಲಿ ಬ್ರಿಟಿಷರ ಕಾಲದಿಂದ ಬಂದ ಸಂಕೇತ ಪದ್ಧತಿಯಲ್ಲಿ ಒಂದರಿಂದ ಹನ್ನೊಂದರವರೆಗೆ ಸಂಖ್ಯೆಗಳಿವೆ. ಅವು ಹುಟ್ಟಿದ್ದು ಹಡಗುಗಳಿಗಾಗಿ. ಐದು, ಆರು, ಏಳು ಇವು ಅಪಾಯದ ಸಂಕೇತಗಳು; ಎಂಟು, ಒಂಬತ್ತು, ಹತ್ತು ಇವು ಮಹಾವಿಪತ್ತಿನ ಸಂಕೇತಗಳು. ಐದಕ್ಕಿಂತ ಆರು ಹೆಚ್ಚಿನ ಅಪಾಯವೆಂದೂ ಎಂಟಕ್ಕಿಂತ ಹತ್ತು ಭಯಂಕರವೆಂದೂ ಯಾರಾದರೂ ತಿಳಿದರೆ ಅದು ಸಹಜವೇ. ಆದರೆ ಅದು ತಪ್ಪು. ಬಿರುಗಾಳಿ ಬಂದರಿನ ಯಾವ ಮಗ್ಗುಲಿನಿಂದ ಹಾಯುತ್ತದೆ, ಬಂದರು ಅದರ ಎಡಕ್ಕೆ ಬೀಳುತ್ತದೆಯೋ ಬಲಕ್ಕೆ ಬೀಳುತ್ತದೆಯೋ, ಅಥವಾ ಅದು ನೆತ್ತಿಯ ಮೇಲೆಯೇ ಬರುತ್ತದೆಯೋ ಎಂಬುದನ್ನಷ್ಟೇ ಆ ಸಂಖ್ಯೆಗಳು ಸೂಚಿಸುತ್ತವೆ. ಹನ್ನೊಂದು ಎಂದರೆ ಸುದ್ದಿಯ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ! ಹಡಗಿನ ನಾಯಕನಿಗೆ ಇದು ಉಪಯುಕ್ತವಾದ ಜ್ಞಾನ. ಚರ್‌ನಲ್ಲಿ ಭತ್ತ ಬೆಳೆಯುವವನಿಗೆ ಬೇಕಾದುದು ಇಷ್ಟೇ: ಈಗ ಏಳಬೇಕೇ, ಎದ್ದು ಎಲ್ಲಿಗೆ ಹೋಗಬೇಕು? ಸಂಕೇತ ಆ ಪ್ರಶ್ನೆಗೆ ಉತ್ತರ ಹೇಳುತ್ತಿರಲಿಲ್ಲ. ಶಾಸ್ತ್ರ ಬಲ್ಲವರ ಮಾತು ಬಳಕೆಯ ಮಾತಾಗಿ ಇಳಿದುಬರದಿದ್ದರೆ ಅದರಿಂದ ಜನಕ್ಕೆ ಪ್ರಯೋಜನವಿಲ್ಲವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ವಿವರಿಸಬೇಕಾಗಿಲ್ಲ. ಇಲ್ಲಿ ಅದೇ ಮಾತು ಪ್ರಾಣದ ಪ್ರಶ್ನೆಯಾಗಿತ್ತು.

ದುರಂತದ ರಾಜಕೀಯ ಪರಿಣಾಮಗಳು ಪ್ರಸಿದ್ಧವಾಗಿವೆ. ಪರಿಹಾರ ಕಾರ್ಯದಲ್ಲಿ ಪಾಕಿಸ್ತಾನದ ಆಡಳಿತ ತೋರಿದ ಔದಾಸೀನ್ಯ, ಡಿಸೆಂಬರಿನ ಚುನಾವಣೆಯಲ್ಲಿ ಅವಾಮಿ ಲೀಗಿನ ವಿಜಯ, ೧೯೭೧ರ ಯುದ್ಧ, ಬಾಂಗ್ಲಾದೇಶದ ಉದಯ ಇವುಗಳ ವಿವೇಚನೆ ಪ್ರಕೃತ ವಿಷಯಕ್ಕೆ ಅವಶ್ಯವಿಲ್ಲ. ಆ ಮಹಾಘಟನೆಗಳ ಮರೆಯಲ್ಲಿ ನಡೆದ ಸಣ್ಣದೊಂದು ಕೆಲಸವೇ ಇಲ್ಲಿ ಗಮನಾರ್ಹವಾದುದು.

ಆ ಕೆಲಸಕ್ಕೆ ಒಂದು ಪೂರ್ವರಂಗವಿತ್ತು. ೧೯೬೫ರಲ್ಲಿ ಅಲ್ಲಿನ ರೆಡ್‌ಕ್ರಾಸ್ ಸಂಸ್ಥೆ, ಕರಾವಳಿಯ ಜನಕ್ಕೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆಯೊಂದನ್ನು ಮಾಡಲು ನೆರವಾಗಬೇಕೆಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟವನ್ನು ಕೇಳಿಕೊಂಡಿತು. ಮರುವರ್ಷ ಸ್ವೀಡನ್ನಿನ ರೆಡ್‌ಕ್ರಾಸ್ ಸಹಾಯದಿಂದ ಟ್ರಾನ್ಸಿಸ್ಟರ್ ರೇಡಿಯೋಗಳನ್ನೂ ಸೈರನ್ನುಗಳನ್ನೂ ಹಂಚಿ, ಕೆಲವು ಸ್ಥಳೀಯರಿಗೆ ತಂಡದ ನಾಯಕರೆಂದು ತರಬೇತಿ ಕೊಡುವ ಪ್ರಯೋಗ ಮೊದಲಾಯಿತು. ಪ್ರಯೋಗ ಚಿಕ್ಕದು, ೧೯೭೦ರ ಕಡಲಿನ ಮುಂದೆ ಅದು ಏನೂ ಮಾಡಲಾರದೆ ಹೋಯಿತು. ಆದರೆ ಬೀಜ ನೆಲದಲ್ಲಿತ್ತು. ವಿಶ್ವಸಂಸ್ಥೆಯ ಮಹಾಸಭೆಯ ಕೋರಿಕೆಯ ಮೇರೆಗೆ ಒಕ್ಕೂಟ ಮತ್ತೆ ಕೆಲಸಕ್ಕೆ ಕೈಹಾಕಿತು. ೧೯೭೨ರ ಫೆಬ್ರವರಿಯಲ್ಲಿ, ಎಂದರೆ ಯುದ್ಧ ಮುಗಿದು ಎರಡು ತಿಂಗಳೊಳಗೆ, ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಆರಂಭವಾಯಿತು. ಅದರ ರೂಪರೇಷೆಯನ್ನು ಹಾಕಿದವರಲ್ಲಿ ಒಕ್ಕೂಟದ ಪ್ರತಿನಿಧಿಯಾಗಿ ಬಂದ ಸ್ವೀಡನ್ನಿನ ಕ್ಲಾಸ್ ಹಾಗ್‌ಸ್ಟ್ರೋಮ್ ಅವರ ಹೆಸರು ಮುಖ್ಯವಾದುದು. ೧೯೭೩ರ ಜೂನಿನಲ್ಲಿ ಷೇಖ್ ಮುಜಿಬುರ್ ರಹಮಾನರ ಸರಕಾರ ಈ ಕಾರ್ಯಕ್ರಮಕ್ಕೆ ಒಪ್ಪಿಗೆಯಿತ್ತು, ಖರ್ಚಿನ ಒಂದು ಭಾಗವನ್ನು ವಹಿಸಿಕೊಂಡಿತು. ಅಂದಿನಿಂದ ಇದು ಸರಕಾರ ಮತ್ತು ರೆಡ್‌ಕ್ರಾಸ್ (೧೯೮೮ರಿಂದ ರೆಡ್‌ಕ್ರೆಸೆಂಟ್) ಇವೆರಡರ ಜಂಟಿ ಹೊಣೆಯಾಗಿ ನಡೆದುಬಂದಿದೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ಬಂಗಾಳಿಯಲ್ಲಿ ಈ ಕಾರ್ಯಕ್ರಮಕ್ಕೆ 'ಘೂರ್ಣಿಝಡ್ ಪ್ರಸ್ತುತಿ ಕರ್ಮಸೂಚಿ' ಎಂದು ಹೆಸರು. ಕನ್ನಡದಲ್ಲಿ 'ಪ್ರಸ್ತುತಿ' ಎಂದರೆ ಮಂಡಿಸುವುದು. ಬಂಗಾಳಿಯಲ್ಲಿ ಅದು ಸಿದ್ಧತೆ. ಅಲ್ಲಿ ಸ್ವಯಂಸೇವಕನನ್ನು 'ಸ್ವೇಚ್ಛಾಸೇವಕ' ಎನ್ನುತ್ತಾರೆ. ಕನ್ನಡದಲ್ಲಿ ಸ್ವೇಚ್ಛೆಗೆ ಅಂಕೆಯಿಲ್ಲದ ನಡತೆಯೆಂಬ ಅರ್ಥ ಅಂಟಿಕೊಂಡಿರುವುದರಿಂದ ಆ ಪದ ಕಿವಿಗೆ ವಿಚಿತ್ರವೆನಿಸಬಹುದು. ತನ್ನ ಇಚ್ಛೆಯಿಂದಲೇ ಸೇವೆಗೆ ಬಂದವನು ಎಂಬ ಮೂಲಾರ್ಥ ಮಾತ್ರ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಏಕೆಂದರೆ ಈ ಪಡೆಯಲ್ಲಿ ಸ್ವಯಂಸೇವಕರಿಗೆ ಸಂಬಳವಿಲ್ಲ.

ವ್ಯವಸ್ಥೆಯ ತಿರುಳು ಸರಳವಾದುದು. ಒಂದೆರಡು ಹಳ್ಳಿಗಳಿಗೆ ಒಂದು ಘಟಕ. ಘಟಕಕ್ಕೆ ಆರಂಭದಲ್ಲಿ ಹತ್ತು ಮಂದಿ. ಅವರು ಆ ಹಳ್ಳಿಯವರೇ ಆಗಿರಬೇಕು. ಬೆಸ್ತರು, ರೈತರು, ಶಾಲೆಯ ಉಪಾಧ್ಯಾಯರು, ಸಣ್ಣ ಅಂಗಡಿಯವರು ಹೀಗೆ. ಕೆಲಸ ಐದು ಬಗೆ: ಎಚ್ಚರಿಕೆ ಸಾರುವುದು, ಜನರನ್ನು ಆಶ್ರಯಕ್ಕೆ ಕರೆದೊಯ್ಯುವುದು, ಸಿಕ್ಕಿಕೊಂಡವರನ್ನು ಬಿಡಿಸುವುದು, ಪ್ರಥಮ ಚಿಕಿತ್ಸೆ, ಆಮೇಲಿನ ಪರಿಹಾರ. ಢಾಕಾದ ಹವಾಮಾನ ಇಲಾಖೆಯಿಂದ ಹೊರಟ ಸುದ್ದಿ ನಿಸ್ತಂತು ಯಂತ್ರಗಳ ಮೂಲಕ ತಾಲೂಕಿನಂತಹ ಕೇಂದ್ರಗಳಿಗೂ ಅಲ್ಲಿಂದ ಹಳ್ಳಿಗಳ ಗುಂಪುಗಳಿಗೂ ಇಳಿಯುತ್ತದೆ. ಕೊನೆಯ ಹಳ್ಳಿಯಲ್ಲಿ ಯಂತ್ರ ನಿಂತು ಮನುಷ್ಯನ ಕಾಲು ಹೊರಡುತ್ತದೆ. ಸೈಕಲ್ಲಿನ ಮೇಲೆ, ಕೆಸರಿನಲ್ಲಿ ನಡೆದು, ದೋಣಿಯಲ್ಲಿ ಹುಟ್ಟುಹಾಕಿ, ಕೈಸೈರನ್ ತಿರುಗಿಸುತ್ತ, ಧ್ವನಿವರ್ಧಕದ ಕೊಳವೆಯಲ್ಲಿ ಕೂಗುತ್ತ ಸ್ವಯಂಸೇವಕರು ಮನೆಮನೆಗೆ ಹೋಗುತ್ತಾರೆ. ಮಸೀದಿಯ ಧ್ವನಿವರ್ಧಕವೂ ಅವರಿಗೆ ಒದಗುತ್ತದೆ. ಹಡಗಿನ ಸಂಖ್ಯೆಗಳ ಗೊಂದಲವನ್ನು ಬಾವುಟಗಳಿಂದ ಬಿಡಿಸಿಕೊಳ್ಳಲಾಯಿತು. ನಡುವೆ ಕಪ್ಪು ಚೌಕವಿರುವ ಕೆಂಪು ಬಾವುಟ ಒಂದು ಏರಿದರೆ ಎಚ್ಚರವಾಗಿರಬೇಕು. ಎರಡು ಏರಿದರೆ ಅಪಾಯ. ಮೂರು ಏರಿದರೆ ಮಹಾವಿಪತ್ತು, ಮನೆ ಬಿಟ್ಟು ಹೊರಡಬೇಕು. ಓದುಬರಹ ಬಾರದವನೂ ಮೂರರವರೆಗೆ ಎಣಿಸಬಲ್ಲ.

ಬಿರುಗಾಳಿಯಿಲ್ಲದ ತಿಂಗಳುಗಳಲ್ಲಿ ಏನು ಮಾಡಬೇಕು ಎಂಬುದೂ ಯೋಜನೆಯಲ್ಲಿ ಸೇರಿದೆ. ಅಣಕು ಪ್ರದರ್ಶನಗಳು, ಸಭೆಗಳು, ಭಿತ್ತಿಪತ್ರಗಳು ಇರುವಂತೆಯೇ ಜಾನಪದ ಹಾಡು ಮತ್ತು ನಾಟಕಗಳೂ ಉಂಟು. ಸಂತೆಯ ದಿನ ಹಳ್ಳಿಯ ಬಯಲಿನಲ್ಲಿ ಆಡುವ ಇಂತಹ ನಾಟಕಗಳಲ್ಲಿ ಕಾವ್ಯಗುಣವನ್ನು ಹುಡುಕುವುದು ವ್ಯರ್ಥ. ಯಾರ ಮಾತು ಕೇಳಿ ಯಾವಾಗ ಏಳಬೇಕೆಂಬುದನ್ನು ಅವು ಜನರ ಮನಸ್ಸಿನಲ್ಲಿ ನಿಲ್ಲಿಸಿದರೆ ಸಾಕು.

ಇಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ರೇಡಿಯೋ ಹೇಳಿದಾಗ ಏಳದವನು ಸ್ವಯಂಸೇವಕ ಹೇಳಿದಾಗ ಏಕೆ ಏಳಬೇಕು? ಸುದ್ದಿ ಎರಡೂ ಕಡೆ ಒಂದೇ. ಆದರೆ ರೇಡಿಯೋಗೆ ಪ್ರಶ್ನೆ ಕೇಳಲಾಗದು. ಬಾಗಿಲಿಗೆ ಬಂದ ನೆರೆಮನೆಯವನನ್ನು ಕೇಳಬಹುದು. ಮುದಿತಾಯಿಯನ್ನು ಹೊತ್ತುಕೊಳ್ಳಲು ಕೈಗೂಡಿಸು ಎನ್ನಬಹುದು. ನೀನು ನಿನ್ನ ಮನೆಯವರನ್ನು ಕಳಿಸಿದೆಯಾ ಎಂದು ಸವಾಲು ಹಾಕಬಹುದು. ಅವನು ತನ್ನ ಹೆಂಡತಿ ಮಕ್ಕಳನ್ನು ಕಳಿಸಿಯೇ ಬಂದಿದ್ದಾನೆಂದು ಕಂಡಾಗ ಮಾತಿಗೆ ಬೇರೆಯ ತೂಕ ಬರುತ್ತದೆ. ಪಡೆಯ ಬಲವೆಲ್ಲ ಈ ತೂಕದಲ್ಲಿದೆ.

ಹಾಗೆಂದು ಆರಂಭದಿಂದಲೇ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ೧೯೮೫ರ ಮೇ ತಿಂಗಳಲ್ಲಿ ಸಂದ್ವೀಪದ ಬಳಿ ಆಗಷ್ಟೇ ಜನ ನೆಲಸತೊಡಗಿದ್ದ ಉರಿರ್ ಚರ್ ಮತ್ತು ಸುತ್ತಣ ದ್ವೀಪಗಳಲ್ಲಿ ಸುಮಾರು ಹನ್ನೊಂದು ಸಾವಿರ ಜನ ಸತ್ತರು. ನೆಲ ಹೊಸದು, ಜನ ಹೊಸಬರು. ಎಚ್ಚರಿಕೆ ತಲಪಿದರೂ ಏರಿ ನಿಲ್ಲುವ ಎತ್ತರ ಅಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಪರೀಕ್ಷೆ ೧೯೯೧ನೆಯ ಏಪ್ರಿಲ್ ೨೯ರ ರಾತ್ರಿ ಬಂದಿತು. ಚಿತ್ತಗಾಂಗ್, ಕಾಕ್ಸ್ ಬಜಾರ್ ಕರಾವಳಿಗಳಲ್ಲಿಯೂ ಸಂದ್ವೀಪ, ಕುತುಬ್‌ದಿಯಾ ದ್ವೀಪಗಳಲ್ಲಿಯೂ ೧,೩೮,೦೦೦ಕ್ಕೂ ಹೆಚ್ಚು ಜನ ಮಡಿದರು. ಸ್ವಯಂಸೇವಕರು ತಮ್ಮ ಕೆಲಸ ಮಾಡಿದ್ದರು. ಹತ್ತನೆಯ ಸಂಕೇತ ಏರಿತ್ತು, ಸೈರನ್ ಕೂಗಿತ್ತು. ಎಚ್ಚರಿಸಲು ಹೋದವರಲ್ಲಿ ಕೆಲವರು ಮರಳಲಿಲ್ಲ.

ಹಾಗಾದರೆ ಎಡವಿದ್ದೆಲ್ಲಿ? ಆ ದುರಂತದ ಅನಂತರ ೧,೧೨೩ ಜನರ ಬಗ್ಗೆ ನಡೆಸಿದ ಒಂದು ಸಮೀಕ್ಷೆಯ ಫಲ ಬಹು ಸ್ಪಷ್ಟವಾದ ಉತ್ತರ ನೀಡುತ್ತದೆ. ಇಟ್ಟಿಗೆಯ ಅಥವಾ ಕಾಂಕ್ರೀಟಿನ ಕಟ್ಟಡವನ್ನು ಸೇರಿದವರೆಲ್ಲರೂ ಉಳಿದರು. ಸೇರಲಾಗದವರಲ್ಲಿ ನೂರಕ್ಕೆ ೨೨ ಮಂದಿ ಸತ್ತರು. ಸಾವು ಹೆಚ್ಚಾಗಿ ಕಂಡುಬಂದುದು ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಮತ್ತು ನಲವತ್ತು ದಾಟಿದ ಹೆಂಗಸರಲ್ಲಿ. ಎಂದರೆ ಕೂಗು ತಲಪಿತ್ತು. ಓಡಿಹೋಗಿ ಸೇರಲು ಸಾಕಷ್ಟು ಸೂರಿರಲಿಲ್ಲ. ಎಚ್ಚರಿಸುವ ಬಾಯಿಗೆ ಸರಿಸಮನಾಗಿ ಆಶ್ರಯ ಕೊಡುವ ಗೋಡೆ ಬೆಳೆದಿರಲಿಲ್ಲ. ಇದು ಸ್ವಯಂಸೇವಕರ ಸೋಲೆನ್ನುವುದು ಅನ್ಯಾಯ. ಬರಿಗೈಯ ಸೇವೆಯಿಂದಲೇ ಎಲ್ಲವೂ ನೀಗುತ್ತದೆಂದು ನಂಬಿ ಕಟ್ಟಡದ ಖರ್ಚನ್ನು ಮುಂದೂಡುತ್ತ ಬಂದವರದೇ ಅದರ ಹೊಣೆ.

ಹೆಂಗಸರ ಸಂಗತಿಯನ್ನು ಇನ್ನೂ ಬಿಡಿಸಿ ನೋಡಬೇಕು. ಗಂಡ ಮೀನಿಗೋ ಕೂಲಿಗೋ ಹೋಗಿದ್ದಾಗ ಅವನ ಅಪ್ಪಣೆಯಿಲ್ಲದೆ ಮನೆ ಬಿಡಬಾರದೆಂಬ ಕಟ್ಟು. ಪರಗಂಡಸರು ಕಿಕ್ಕಿರಿದ ಕೋಣೆಯಲ್ಲಿ ಇರುಳು ಕಳೆಯುವ ಸಂಕೋಚ. ಆಶ್ರಯದಲ್ಲಿ ಬೇರೆ ಶೌಚಸ್ಥಳವಿಲ್ಲದಿರುವುದು. ಬಾಗಿಲಿಗೆ ಬಂದ ಗಂಡು ಸ್ವಯಂಸೇವಕನ ಎದುರು ಬಂದು ಮಾತಾಡಲಾಗದ ಪದ್ಧತಿ. ನೀರಿಗೆ ಬಿದ್ದಾಗ ಕಾಲಿಗೆ ಸುತ್ತಿಕೊಳ್ಳುವ ಸೀರೆ. ಇವುಗಳಲ್ಲಿ ಒಂದೊಂದೂ ಸಣ್ಣದು. ಎಲ್ಲವೂ ಕೂಡಿದಾಗ ಸಾವು. ಗಂಡಸರಿಂದಲೇ ತುಂಬಿದ ಪಡೆ ಮನೆಯ ಅಂಗಳದವರೆಗೆ ಹೋಗಬಲ್ಲದು, ಅಡುಗೆಮನೆಗೆ ಹೋಗಲಾರದು ಎಂಬುದು ನಿಧಾನವಾಗಿ ಮನವರಿಕೆಯಾಯಿತು. ಹತ್ತು ಮಂದಿಯ ಘಟಕಕ್ಕೆ ಇಬ್ಬರು ಹೆಂಗಸರನ್ನು ಸೇರಿಸಿ ಹನ್ನೆರಡು ಮಾಡಿದರು. ಕೆಲ ಕಾಲದ ಮೇಲೆ ಐವರನ್ನು ಸೇರಿಸಿ ಹದಿನೈದು ಮಾಡಿದರು. ೨೦೨೦ರ ಸುಮಾರಿಗೆ ಹತ್ತು ಗಂಡಸರಿಗೆ ಹತ್ತು ಹೆಂಗಸರಾಗಿ ಇಪ್ಪತ್ತಾಯಿತು. ಹೀಗೆ ೩,೮೦೧ ಘಟಕಗಳಲ್ಲಿ ೭೬,೦೨೦ ಸ್ವಯಂಸೇವಕರು. ಅವರಲ್ಲಿ ಸರಿಯಾಗಿ ಅರ್ಧ ಮಂದಿ ಮಹಿಳೆಯರು. ಇಬ್ಬರಿಂದ ಹತ್ತಕ್ಕೆ ಬರಲು ಇಷ್ಟು ವರ್ಷ ಹಿಡಿಯಬೇಕಾಗಿತ್ತೇ ಎಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ.

೧೯೯೧ರ ಪಾಠ ಕಟ್ಟಡಗಳ ರೂಪದಲ್ಲಿಯೂ ಫಲಿಸಿತು. ಎಂಜಿನಿಯರ್ ಜಮಿಲುರ್ ರೆಜಾ ಚೌಧುರಿಯವರ ನೇತೃತ್ವದಲ್ಲಿ ತಜ್ಞರ ತಂಡವೊಂದು ಕರಾವಳಿಯನ್ನೆಲ್ಲ ಸಮೀಕ್ಷಿಸಿ ಬಹೂಪಯೋಗಿ ಆಶ್ರಯಗಳ ಯೋಜನೆಯನ್ನು ಸಿದ್ಧಪಡಿಸಿತು. ಆಶ್ರಯವೆಂದು ಕಟ್ಟಿ ಬೀಗ ಹಾಕಿದ ಮನೆ ಹತ್ತು ವರ್ಷದಲ್ಲಿ ಹಾಳುಬೀಳುತ್ತದೆ. ಆದುದರಿಂದ ಕಂಬಗಳ ಮೇಲೆ ಶಾಲೆಗಳನ್ನು ಕಟ್ಟಲಾಯಿತು. ದಿನವೂ ಮಕ್ಕಳು ಓದುವ ಎಡೆ, ಬಿರುಗಾಳಿಯ ರಾತ್ರಿ ಊರಿಗೆಲ್ಲ ಸೂರು. ಕೆಳಗೆ ತೆರೆದ ಕಂಬಗಳ ನಡುವೆ ಕಡಲಿನ ನೀರು ಹಾದುಹೋಗಲು ದಾರಿ. ದನಗಳಿಗಾಗಿ ಬೇರೆ ವ್ಯವಸ್ಥೆ ಮೊದಲೇ ಮೂಡಿತ್ತು. ೧೯೭೨ರ ಅನಂತರ ಎತ್ತರವಾಗಿ ಮಣ್ಣು ಪೇರಿಸಿ ಮಾಡಿದ ದಿಬ್ಬಗಳಿಗೆ ಜನ 'ಮುಜಿಬ್ ಕಿಲ್ಲಾ' ಎಂದು ಹೆಸರಿಟ್ಟರು. ಕನ್ನಡದ ಕಿಲ್ಲೆ, ಕಿಲ್ಲೇದಾರ ಪದಗಳಲ್ಲಿರುವುದೂ ಇದೇ ಅರಬ್ಬಿ ಮೂಲ. ಶತ್ರುವಿಗೆ ಎದುರಾಗಿ ಕಟ್ಟುತ್ತಿದ್ದುದರ ಹೆಸರು ಎಮ್ಮೆ ದನಗಳು ನೀರಿನಿಂದ ತಪ್ಪಿಸಿಕೊಂಡು ನಿಲ್ಲುವ ದಿಬ್ಬಕ್ಕೆ ಬಂದುದು ಸ್ವಾರಸ್ಯಕರವಾಗಿದೆ. ಆ ದಿಬ್ಬಗಳಲ್ಲಿ ಹಲವು ಕಾಲಾಂತರದಲ್ಲಿ ಸವೆದವು. ಮತ್ತೆ ಎತ್ತರಿಸುವ ಕೆಲಸ ಬಹಳ ತಡವಾಗಿ ನಡೆಯಿತು. ತನ್ನ ಹಸು ಕರಾವಳಿಯಲ್ಲಿ ಕಟ್ಟಿಹಾಕಿದಂತಿರುವಾಗ ರೈತ ತಾನೊಬ್ಬನೇ ಮಹಡಿ ಏರಲಾರನೆಂಬುದನ್ನು ಬಲ್ಲವರು ಯಾರೂ ಇದನ್ನು ಸಣ್ಣ ವಿಷಯವೆನ್ನರು.

ಸಾವಿನ ಲೆಕ್ಕ ಇಳಿಯುತ್ತ ಬಂದುದು ಆಮೇಲೆ. ೨೦೦೭ರ ನವೆಂಬರ್ ೧೫ರಂದು ಬಂದ 'ಸಿದ್ರ್' ಚಂಡಮಾರುತ ಬಲದಲ್ಲಿ ೧೯೯೧ರದಕ್ಕೆ ಹೆಚ್ಚು ಕಡಿಮೆಯಾದುದಲ್ಲ. ಮಡಿದವರು ಸುಮಾರು ೩,೪೦೦. ೨೦೨೦ರ ಮೇ ೨೦ರಂದು 'ಅಂಫಾನ್' ಅಪ್ಪಳಿಸಿದಾಗ ಮಹಾಸಾಂಕ್ರಾಮಿಕದ ನಡುವೆಯೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಆಶ್ರಯಗಳಿಗೆ ಸಾಗಿಸಲಾಯಿತು. ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು.

ಈ ಇಳಿಕೆಯ ಕೀರ್ತಿಯೆಲ್ಲವನ್ನೂ ಸ್ವಯಂಸೇವಕರಿಗೇ ಸಲ್ಲಿಸುವುದು ಉತ್ಸಾಹದ ಮಾತಾದೀತೇ ಹೊರತು ಚರಿತ್ರೆಯಾಗದು. ಉಪಗ್ರಹಗಳು ಸೂಕ್ಷ್ಮವಾದವು, ರಸ್ತೆಗಳು ಬಂದವು, ಕೈಯಲ್ಲಿ ಹಿಡಿಯುವ ದೂರವಾಣಿ ಗುಡಿಸಲಿಗೂ ಬಂದಿತು, ಸಾವಿರಾರು ಆಶ್ರಯಗಳೆದ್ದವು. ಒಂದೊಂದು ಚಂಡಮಾರುತದ ದಾರಿ ಬೇರೆ, ಹೊತ್ತು ಬೇರೆ. ಉಬ್ಬರ ಇಳಿದಿದ್ದ ವೇಳೆ ಬಂದುದು ಕಡಮೆ ಕೊಲ್ಲುತ್ತದೆ. ಆದರೂ ಹೋಲಿಕೆಗೆ ನೆರೆಯ ಕರಾವಳಿಗಳಿವೆ. ೧೯೭೭ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಹತ್ತು ಸಾವಿರದಷ್ಟು ಜನ ಕಡಲಿನ ಪಾಲಾದರು. ೧೯೯೯ರ ಅಕ್ಟೋಬರಿನಲ್ಲಿ ಒರಿಸ್ಸಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ. ಈ ಎರಡೂ ಕಡೆ ಹವಾಮಾನ ಶಾಸ್ತ್ರದ ಎಚ್ಚರಿಕೆಗೆ ಕೊರತೆಯಿರಲಿಲ್ಲ. ಕೊನೆಯ ಮೈಲಿಯಲ್ಲಿ ಅದನ್ನು ಹೊತ್ತು ನಡೆಯುವ ಕಾಲುಗಳು ಸಾಲದೆ ಹೋದವು. ಒರಿಸ್ಸಾ ಆ ಮೇಲೆ ಹಳ್ಳಿಗಳಲ್ಲಿ ಸ್ವಯಂಸೇವಕರನ್ನು ಕಟ್ಟಿ, ಆಶ್ರಯಗಳನ್ನು ನಿರ್ಮಿಸಿ, ತನ್ನ ಕರಾವಳಿಯ ಚರಿತ್ರೆಯನ್ನೇ ತಿದ್ದಿ ಬರೆದುದು ಸುವಿದಿತ.

ಅಮೆರಿಕೆಯ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆ ೧೯೮೫ರಲ್ಲಿ, ಮೆಕ್ಸಿಕೋ ನಗರದ ಭೂಕಂಪದ ಅನುಭವವನ್ನು ಕಂಡು, ಬೀದಿಬೀದಿಯ ನಿವಾಸಿಗಳಿಗೆ ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಅವಶೇಷಗಳಡಿ ಸಿಕ್ಕಿದವರನ್ನು ಬಿಡಿಸುವುದು ಮೊದಲಾದವುಗಳನ್ನು ಕಲಿಸುವ ತಂಡಗಳನ್ನು ರೂಪಿಸಿತು. ಜಗತ್ತಿನ ಬಹುಭಾಗದಲ್ಲಿ ಸ್ಥಳೀಯ ತುರ್ತುಸೇವಾ ತಂಡಗಳೆಂದರೆ ಅಲ್ಲಿಂದಲೇ ಕಥೆ ಆರಂಭಿಸುವ ವಾಡಿಕೆಯಿದೆ. ಅದಕ್ಕಿಂತ ಹದಿಮೂರು ವರ್ಷ ಮೊದಲೇ, ಯುದ್ಧದಿಂದ ಜರ್ಝರಿತವಾದ ಬಡದೇಶವೊಂದರ ಕೆಸರುನೆಲದಲ್ಲಿ ಬೆಸ್ತರೂ ರೈತರೂ ಅಂತಹ ಪಡೆಯನ್ನು ಕಟ್ಟಿಕೊಂಡಿದ್ದರೆಂಬುದನ್ನು ಪಶ್ಚಿಮದ ಬರಹಗಳಲ್ಲಿ ಮೇಲುಪಂಕ್ತಿಯಲ್ಲಿ ಕಾಣುವುದು ವಿರಳ.

ಈ ಪಡೆಯ ಇತ್ತೀಚಿನ ಅಧ್ಯಾಯ ಬೇರೊಂದು ಜನರಿಗೆ ಸಂಬಂಧಿಸಿದ್ದು. ೨೦೧೭ರ ಆಗಸ್ಟಿನ ಅನಂತರ ಮ್ಯಾನ್ಮಾರಿನಿಂದ ಓಡಿಬಂದ ಲಕ್ಷಾಂತರ ರೋಹಿಂಗ್ಯಾ ನಿರಾಶ್ರಿತರು ಕಾಕ್ಸ್ ಬಜಾರಿನ ಬೆಟ್ಟಗಳ ಇಳಿಜಾರಿನಲ್ಲಿ ಬಿದಿರು ಮತ್ತು ತಾಡಪಾಲಿನ ಗುಡಿಸಲುಗಳಲ್ಲಿ ನೆಲಸಿದರು. ಅವರಿಗೆ ಶಿಬಿರ ಬಿಟ್ಟು ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲ. ಪಕ್ಕಾ ಕಟ್ಟಡ ಕಟ್ಟಿಕೊಳ್ಳಲು ಅನುಮತಿಯಿಲ್ಲ. ೧೯೯೧ರ ಸಮೀಕ್ಷೆ ಹೇಳಿದ ಏಕೈಕ ರಕ್ಷೆಯೇ ಅವರಿಗೆ ದೊರಕದು. ಇಂತಹ ಸ್ಥಿತಿಯಲ್ಲಿ ಬಾಂಗ್ಲಾದೇಶದ ಹಳೆಯ ಸ್ವಯಂಸೇವಕರು ೨೦೧೮ರಿಂದ ಶಿಬಿರದೊಳಗಿನ ನಿರಾಶ್ರಿತರಿಗೇ ತರಬೇತಿ ಕೊಟ್ಟು, ಅವರ ಭಾಷೆಯಲ್ಲಿ ಕೂಗಿ ಹೇಳುವ ಘಟಕಗಳನ್ನು ಕಟ್ಟಿದರು. ೨೦೨೩ರ ಮೇ ೧೪ರಂದು 'ಮೋಚಾ' ಚಂಡಮಾರುತ ಕೊನೆಯ ಗಳಿಗೆಯಲ್ಲಿ ದಕ್ಷಿಣಕ್ಕೆ ಸರಿದು ಮ್ಯಾನ್ಮಾರಿನ ಆರಾಕಾನ್ ತೀರವನ್ನು ಹೊಕ್ಕಿತು. ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಸಾವಿರಾರು ಗುಡಿಸಲುಗಳು ಹಾರಿಹೋದವು, ಮುರಿದವು, ಪ್ರಾಣಹಾನಿಯಾದ ವರದಿಯಿಲ್ಲ. ಗಾಳಿಯ ಮುಖ್ಯ ಹೊಡೆತ ತಪ್ಪಿದುದೂ ಅದಕ್ಕೆ ಕಾರಣ. ನಾಫ್ ನದಿಯ ಆಚೆಗೆ, ಸಿಟ್ವೆ ಪಟ್ಟಣದ ಹೊರಗೆ ತಗ್ಗು ನೆಲದ ಶಿಬಿರಗಳಲ್ಲಿ ಕೂಡಿಹಾಕಿದ್ದ ಅದೇ ರೋಹಿಂಗ್ಯಾ ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಆ ದಿನ ಕಡಲಿನ ನೀರಿಗೆ ಸಿಕ್ಕಿ ಮಡಿದರು.